ಹುಲ್ಲು ಕತ್ತರಿಸುವ ಯಂತ್ರದ ಲಿಫ್ಟ್

ಹುಲ್ಲು ಕತ್ತರಿಸುವ ಯಂತ್ರದ ಲಿಫ್ಟ್ ಎಂಬುದು ಕುಳಿತು ನಡೆಸುವ ಲಾನ್ ಮೋವರ್‌ಗಳನ್ನು ಮೇಲೆತ್ತಿ, ಅವುಗಳ ಅಡಿಭಾಗದ ಅಲಗು, ಬೆಲ್ಟ್ ಮೊದಲಾದವುಗಳನ್ನು ದುರಸ್ತಿ ಮಾಡಲು ಬಳಸುವ ಸಾಧನ. ಇದು ಮೋಟಾರು ವಾಹನಗಳ ಲಿಫ್ಟ್‌ನ ಕಿರಿಯ ರೂಪ. ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ 1830ರಲ್ಲಿ ರೂಪಿಸಿದ ಮೊದಲ ಮೋವರ್ ಕೈಯಿಂದ ತಳ್ಳುವಂಥದ್ದು. ಇಂದಿನ ಕುಳಿತು ನಡೆಸುವ ಯಂತ್ರಗಳಲ್ಲಿ ಹಲವು 200 ಕಿಲೋಗ್ರಾಂ ಮೀರಿ ತೂಗುತ್ತವೆ. ಅವುಗಳ ಕೆಳಗೆ ಕೈ ಚಾಚುವವನ ಸುರಕ್ಷತೆ ಲಿಫ್ಟನ್ನೇ ಅವಲಂಬಿಸಿದೆ.

ಕಾರ್ಯವಿಧಾನ

ಕೆಲವು ಲಿಫ್ಟ್‌ಗಳು ತಿರುಪಿನಿಂದ, ಕೆಲವು ಎಣ್ಣೆಯ ಒತ್ತಡದಿಂದ ಕೆಲಸ ಮಾಡುತ್ತವೆ. ಎರಡನೆಯದಕ್ಕೆ ಶಾಲಾ ಪಠ್ಯಗಳಲ್ಲಿ ಬರುವ ಪಾಸ್ಕಲನ ನಿಯಮವೇ ಆಧಾರ: 5 ಚದರ ಸೆಂಟಿಮೀಟರ್ ಕೊಂತದ ಮೇಲಿನ ಬಲವು 100 ಚದರ ಸೆಂಟಿಮೀಟರ್ ಕೊಂತದಲ್ಲಿ 20 ಪಟ್ಟಾಗುತ್ತದೆ. ಪಠ್ಯಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಸೀಲು ಸವೆದು ಎಣ್ಣೆ ಸೋರಿದರೆ ಭಾರ ಕೆಳಗಿಳಿಯುತ್ತದೆ. ಆದ್ದರಿಂದ ಎತ್ತಿದ ಬಳಿಕ ಭಾರವನ್ನು ಎಣ್ಣೆಯ ಮೇಲೆ ಬಿಡದೆ ಲೋಹದ ಅಗುಳಿಯ ಮೇಲೆ ಕೂರಿಸಬೇಕು. ಅಗುಳಿಯಿಲ್ಲದ ಜ್ಯಾಕ್ ಎತ್ತುವುದಕ್ಕಷ್ಟೇ. ಕೆಳಗೆ ಕೆಲಸ ಮಾಡಲು ಪ್ರತ್ಯೇಕ ಆಧಾರಗಂಬಗಳು ಬೇಕು.

ಅಳವಡಿಕೆ

ಕಂಬದ ಲಿಫ್ಟನ್ನು ಸಂಪೂರ್ಣ ಗಟ್ಟಿಯಾದ ಕಾಂಕ್ರೀಟಿಗೆ ಬೋಲ್ಟುಗಳಿಂದ ಬಿಗಿಯಬೇಕು. ಡಾಂಬರು ನೆಲ, ಬಿರುಕುಗಳು ಹಾಗೂ ಚಪ್ಪಡಿಯ ಅಂಚು ಇದಕ್ಕೆ ಯೋಗ್ಯವಲ್ಲ. ಕಾಂಕ್ರೀಟಿನ ದಪ್ಪ ಮತ್ತು ಬೋಲ್ಟು ಬಿಗಿಯುವ ಪ್ರಮಾಣವನ್ನು ತಯಾರಕರ ಕೈಪಿಡಿ ಸೂಚಿಸುತ್ತದೆ. ಕಾರಿಗಾಗಿ ನಿರ್ಮಿಸಿದ ಲಿಫ್ಟ್‌ನ ತೋಳುಗಳು ಮೋವರಿನ ಕಿರಿದಾದ ಚೌಕಟ್ಟಿಗೆ ಎಟಕದಿರಬಹುದು. ಆಗ ಅಲಗುಗಳನ್ನು ಮುಚ್ಚುವ ತಗಡಿಗೆ ತೋಳು ಕೊಡುವುದು ಅಪಾಯಕರ. ತಗಡು ಬಾಗುತ್ತದೆ, ಯಂತ್ರ ಜಾರುತ್ತದೆ.

ಬಳಕೆ

ಎಂಜಿನ್ ತಣಿದ ಮೇಲೆ ಕೀಲಿಯನ್ನು ತೆಗೆದು, ಸ್ಪಾರ್ಕ್ ಪ್ಲಗ್‌ನ ತಂತಿಯನ್ನು ಕಳಚಬೇಕು. ತಳ್ಳುವ ಯಂತ್ರಗಳಲ್ಲಿ ಅಲಗು ಸಾಮಾನ್ಯವಾಗಿ ಎಂಜಿನ್ನಿನ ದಂಡಕ್ಕೇ ಜೋಡಣೆಯಾಗಿರುವುದರಿಂದ, ಅಲಗನ್ನು ಕೈಯಿಂದ ತಿರುಗಿಸಿದರೂ ಎಂಜಿನ್ ಚಾಲನೆಗೊಳ್ಳುವ ಸಂಭವವಿದೆ. ಕುಳಿತು ನಡೆಸುವ ಯಂತ್ರಗಳಲ್ಲಿ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳಿಗೆ ಮಾತ್ರ ಇರುತ್ತದೆ. ಮುಂಭಾಗ ಎತ್ತಿದಾಗ ಅದು ಹಿಡಿಯುತ್ತದೆ. ಹಿಂಭಾಗ ಎತ್ತಿದರೆ ನೆಲದಲ್ಲುಳಿದ ಮುಂಚಕ್ರಗಳಿಗೆ ತಡೆಯಿಲ್ಲ. ಹೇಗಿದ್ದರೂ ನೆಲದ ಚಕ್ರಗಳಿಗೆ ಅಡೆಗಟ್ಟೆ ಕೊಡುವುದು ಲೇಸು. ಟ್ಯಾಂಕ್ ತುಂಬಿರುವಾಗ ಯಂತ್ರವನ್ನು ಓರೆಯಾಗಿಸಿದರೆ ಪೆಟ್ರೋಲ್ ಮುಚ್ಚಳದ ಗಾಳಿರಂಧ್ರದಿಂದ ಸೋರಬಹುದು.

ಅಲಗಿನ ಬಿಗಿಯಾದ ನಟ್ಟನ್ನು ಉದ್ದ ಸ್ಪ್ಯಾನರಿನಿಂದ ಜಗ್ಗುವಾಗ ಎತ್ತಿದ ಯಂತ್ರವೇ ಅಲುಗಾಡುತ್ತದೆ. ಆದಕಾರಣ ಯಂತ್ರವನ್ನು ಎತ್ತಿದ ಕೂಡಲೆ, ಕೆಳಗೆ ಹೋಗುವ ಮೊದಲೇ, ಒಮ್ಮೆ ತಳ್ಳಿ ಪರೀಕ್ಷಿಸುವುದು ರೂಢಿ.