ಮಣ್ಣುಮುಕ್ಕ ಹಾವಿನ ಮೈಬಣ್ಣ

ಮಣ್ಣುಮುಕ್ಕ ಹಾವು (ವೈಜ್ಞಾನಿಕ ಹೆಸರು: ಎರಿಕ್ಸ್ ಜಾನಿ) ಭಾರತ, ಪಾಕಿಸ್ತಾನ ಮತ್ತು ಇರಾನ್ ದೇಶಗಳ ಒಣನೆಲದಲ್ಲಿ ಕಂಡುಬರುವ, ಬೋವಾ ಗುಂಪಿಗೆ ಸೇರಿದ ವಿಷರಹಿತ ಹಾವು. ಜನಬಳಕೆಯಲ್ಲಿ ಇದನ್ನು ಎರಡು ತಲೆ ಹಾವು ಎಂದೂ ಕರೆಯುತ್ತಾರೆ. ಇದರ ಮರಿ ಕೆಂಗಿತ್ತಳೆ ಬಣ್ಣದ್ದಾಗಿದ್ದು, ಬಾಲದ ಕಡೆ ಕಪ್ಪು ಪಟ್ಟೆಗಳಿರುತ್ತವೆ. ಬೆಳೆದ ಹಾವಿನಲ್ಲಿ ಈ ಎರಡೂ ಲಕ್ಷಣಗಳು ಬಹುಮಟ್ಟಿಗೆ ಮಾಯವಾಗಿ ಮೈಯೆಲ್ಲ ಒಂದೇ ಬಗೆಯ ಕಂದು ಬಣ್ಣಕ್ಕೆ ತಿರುಗುತ್ತದೆ. ಮರಿಯ ಬಣ್ಣವನ್ನು ನೋಡಿ ವಯಸ್ಕ ಹಾವಿನ ಬಣ್ಣವನ್ನು ಊಹಿಸಲಾಗದು ಎಂಬುದು ಬೋವಾ ಗುಂಪಿನ ಹಲವು ಹಾವುಗಳಿಗೆ ಅನ್ವಯಿಸುವ ಮಾತು. ವಿದೇಶಗಳಲ್ಲಿ ಸಾಕುವ ಬೋವಾ ಕನ್‌ಸ್ಟ್ರಿಕ್ಟರ್ ಹಾವಿನ ಬಣ್ಣಭೇದಗಳನ್ನು ಆರಿಸುವವರಿಗೂ ಇದೇ ತೊಡಕು ಎದುರಾಗುತ್ತದೆ.

ಹೆಸರು ಮತ್ತು ನೆಲೆ

ಈ ಹಾವನ್ನು 1801ರಲ್ಲಿ ಪ್ಯಾಟ್ರಿಕ್ ರಸೆಲ್ ವೈಜ್ಞಾನಿಕವಾಗಿ ವರ್ಣಿಸಿದನು. ತರಂಗಂಬಾಡಿಯಲ್ಲಿದ್ದ ಜರ್ಮನ್ ಪಾದ್ರಿ ಹಾಗೂ ಪ್ರಕೃತಿ ಅಭ್ಯಾಸಿ ಕ್ರಿಸ್ಟೋಫ್ ಸ್ಯಾಮ್ಯುಯೆಲ್ ಜಾನ್ (1747–1813) ಅವರ ನೆನಪಿಗೆ 'ಜಾನಿ' ಎಂಬ ಹೆಸರು ಬಂದಿದೆ. ಕನ್ನಡದ 'ಮಣ್ಣುಮುಕ್ಕ' ಎಂಬ ಹೆಸರು, ಸದಾ ಮಣ್ಣಿನೊಳಗಿರುವ ಈ ಹಾವು ಮಣ್ಣನ್ನೇ ತಿಂದು ಬದುಕುತ್ತದೆ ಎಂಬ ನಂಬಿಕೆಯನ್ನು ಸೂಚಿಸುತ್ತದೆ. ವಾಸ್ತವದಲ್ಲಿ ಇದರ ಮುಖ್ಯ ಆಹಾರ ಇಲಿ, ಹೆಗ್ಗಣಗಳು.

ಸಡಿಲವಾದ, ನೀರು ನಿಲ್ಲದ ಮಣ್ಣು ಇದಕ್ಕೆ ಒಗ್ಗುತ್ತದೆ. ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ತಾಲ್ಲೂಕುಗಳನ್ನು ಒಳಗೊಂಡ ಮಧ್ಯ ಕರ್ನಾಟಕದ ಬಯಲಿನ ಮಸಾರಿ ಹೊಲಗಳು, ಕುರುಚಲು ಗುಡ್ಡಗಳು ಮತ್ತು ತುಂಗಭದ್ರಾ ದಂಡೆಯ ಮರಳುನೆಲ ಇಂತಹ ಪರಿಸರಕ್ಕೆ ಉದಾಹರಣೆ. ಶೇಂಗಾ, ಮೆಕ್ಕೆಜೋಳ ಬೆಳೆಯುವ ಹೊಲಗಳಲ್ಲಿ ಇಲಿಗಳ ಕಾಟ ಹೆಚ್ಚು. ಇಲಿಯ ಬಿಲವನ್ನೇ ಹೊಕ್ಕು ಬೇಟೆಯಾಡುವ ಈ ಹಾವು ರೈತನಿಗೆ ಉಪಕಾರಿ. ಹಗಲೆಲ್ಲ ನೆಲದೊಳಗಿದ್ದು ಸಂಜೆಯ ಮೇಲೆ ಹೊರಬರುವುದರಿಂದ ಉಳುಮೆಯ ಹೊತ್ತಿನಲ್ಲಿ ಮಣ್ಣು ಮಗುಚಿದಾಗಲಷ್ಟೇ ಹಲವರ ಕಣ್ಣಿಗೆ ಬೀಳುತ್ತದೆ.

ಮರಿ ಮತ್ತು ವಯಸ್ಕ ಹಾವು

ಮಣ್ಣುಮುಕ್ಕ ಹಾವು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಹುಟ್ಟಿದ ಮರಿಯ ಮೈ ಕೆಂಪು ಅಥವಾ ಕಿತ್ತಳೆ ಬಣ್ಣದ್ದು. ದೇಹದ ಹಿಂಭಾಗ ಮತ್ತು ಬಾಲದ ಮೇಲೆ ಕಪ್ಪು ಬಳೆಗಳಂತಹ ಅಡ್ಡಪಟ್ಟೆಗಳು ಎದ್ದು ಕಾಣುತ್ತವೆ. ಪೊರೆ ಬಿಡುತ್ತ ಬೆಳೆದಂತೆ ಕಿತ್ತಳೆಯು ಇಟ್ಟಿಗೆಗೆಂಪಿಗೂ ಅಲ್ಲಿಂದ ಕಂದಿಗೂ ಇಳಿಯುತ್ತದೆ, ಪಟ್ಟೆಗಳ ಅಂಚು ಕರಗುತ್ತದೆ. ಸುಮಾರು ಎರಡು ಅಡಿಯಿಂದ ಮೂರು ಅಡಿ ಉದ್ದದ ವಯಸ್ಕ ಹಾವುಗಳಲ್ಲಿ ಕೆಂಗಂದು, ಮಾಸಲು ಹಳದಿಗಂದು, ಕೆಲವೊಮ್ಮೆ ಕಪ್ಪಿಗೆ ಹತ್ತಿರದ ಗಾಢ ಕಂದು ಬಣ್ಣಗಳಿವೆ. ಕೆಲವು ಹಾವುಗಳಲ್ಲಿ ಮಾತ್ರ ಬಾಲದ ಪಟ್ಟೆಯ ಗುರುತು ಮಸುಕಾಗಿ ಉಳಿದುಕೊಳ್ಳುತ್ತದೆ.

ಈ ವ್ಯತ್ಯಾಸ ತಿಳಿಯದವರು ಮರಿಯನ್ನು ಬೇರೆಯೇ ಜಾತಿಯ, ವಿಷದ ಹಾವೆಂದು ಭಾವಿಸಿ ಕೊಲ್ಲುವುದುಂಟು. ಗುರುತಿಸಲು ಬಣ್ಣಕ್ಕಿಂತ ಆಕಾರ ನಂಬಲರ್ಹ: ಸಣ್ಣ ನುಣುಪಾದ ಹುರುಪೆಗಳು, ಕತ್ತು ಬೇರ್ಪಡದ ತಲೆ, ಪುಟ್ಟ ಕಣ್ಣು, ತಲೆಯಷ್ಟೇ ಮೊಂಡಾದ ಬಾಲ. ಹೆದರಿದಾಗ ಹಾವು ಸುತ್ತಿಕೊಂಡು ತಲೆಯನ್ನು ಒಳಗೆ ಹುದುಗಿಸಿ ಬಾಲವನ್ನು ಮೇಲೆತ್ತುತ್ತದೆ. ಎರಡು ತಲೆಯ ಕಥೆ ಹುಟ್ಟಿದ್ದು ಹೀಗೆ. ಹಾವಾಡಿಗರು ಬಾಲದ ತುದಿಯನ್ನು ಕೊಯ್ದು ಬಾಯಿಯಂತೆ ಕಾಣಿಸುವ ಕ್ರೂರ ಪದ್ಧತಿಯೂ ಇತ್ತು.

ಬಣ್ಣದ ಮೂಲ

ಹಾವಿನ ಚರ್ಮದಲ್ಲಿ ಮೂರು ಬಗೆಯ ಬಣ್ಣದ ಕೋಶಗಳಿವೆ. ಮೆಲನಿನ್ ಎಂಬ ವರ್ಣಕವು ಕಪ್ಪು ಮತ್ತು ಕಂದನ್ನು ಕೊಡುತ್ತದೆ. ಹಳದಿ ಮತ್ತು ಕೆಂಪು ವರ್ಣಕಗಳು ಬೇರೆ ಕೋಶಗಳಲ್ಲಿರುತ್ತವೆ. ಮೂರನೆಯ ಬಗೆಯ ಕೋಶಗಳು ಬೆಳಕನ್ನು ಪ್ರತಿಫಲಿಸಿ ಹೊಳಪು ನೀಡುತ್ತವೆ. ಹಾವು ಬೆಳೆಯುತ್ತ ಈ ಮೂರರ ಪ್ರಮಾಣ ಬದಲಾಗುತ್ತದೆ. ಮಣ್ಣುಮುಕ್ಕ ಹಾವಿನಲ್ಲಿ ಕಂದು ಮೇಲುಗೈ ಪಡೆದು ಕೆಂಪನ್ನು ಮರೆಮಾಡುತ್ತದೆ. ಪೊರೆ ಬಿಡುವ ಮುನ್ನ ಯಾವ ಹಾವಾದರೂ ಮಂಕಾಗಿ, ಪೊರೆ ಕಳಚಿದೊಡನೆ ಉಜ್ವಲವಾಗಿ ಕಾಣುವುದರಿಂದ ಒಂದೇ ದಿನದ ನೋಟದಿಂದ ಬಣ್ಣವನ್ನು ನಿರ್ಧರಿಸುವುದು ಸರಿಯಲ್ಲ.

ಬೋವಾ ಕನ್‌ಸ್ಟ್ರಿಕ್ಟರ್‌ನ ಬಣ್ಣಭೇದಗಳು

ದಕ್ಷಿಣ ಅಮೆರಿಕದ ಬೋವಾ ಕನ್‌ಸ್ಟ್ರಿಕ್ಟರ್ ಮತ್ತು ಅದರ ಮಧ್ಯ ಅಮೆರಿಕದ ಸೋದರ ಜಾತಿಯ ಹಾವುಗಳನ್ನು ಅಮೆರಿಕ ಹಾಗೂ ಯೂರೋಪಿನಲ್ಲಿ ಸಾಕಿ, ಅನುವಂಶೀಯ ಬಣ್ಣಭೇದಗಳನ್ನು ತಳಿಯಾಗಿ ಬೆಳೆಸಿದ್ದಾರೆ. ಈ ಹಾವು 20 ವರ್ಷಕ್ಕೂ ಮಿಕ್ಕಿ ಬದುಕಬಲ್ಲದು. ಮರಿಯ ಚಂದಕ್ಕೆ ಮರುಳಾಗಿ ಕೊಂಡವರು ಉಳಿದ ಕಾಲವೆಲ್ಲ ಬೇರೊಂದು ಬಣ್ಣದ ಹಾವನ್ನು ನೋಡಬೇಕಾಗಬಹುದು.

ಸಾಮಾನ್ಯ ಬಣ್ಣದ ಬೋವಾ ವಯಸ್ಸಾದಂತೆ ಕಪ್ಪಾಗುತ್ತದೆ. ಮೆಲನಿನ್ ಕಡಿಮೆಯಿರುವ 'ಹೈಪೊ' ಬಗೆಯಲ್ಲಿ ಈ ಕಪ್ಪಾಗುವಿಕೆ ಕಡಿಮೆ. ಆದ್ದರಿಂದ ವಯಸ್ಕ ಸ್ಥಿತಿಯಲ್ಲೂ ಬಣ್ಣ ತಿಳಿಯಾಗಿ ಉಳಿಯಬೇಕೆಂದು ಬಯಸುವವರು ಸಾಮಾನ್ಯವಾಗಿ ಇದನ್ನು ಮೆಚ್ಚುತ್ತಾರೆ. ಮೆಲನಿನ್ ಇಲ್ಲದ ಆಲ್ಬಿನೊ ಬಗೆಯು ಕಪ್ಪಾಗಲಾರದು. ಆದರೆ ಮರಿಯಲ್ಲಿದ್ದ ಗಾಢ ಕಿತ್ತಳೆ ಮತ್ತು ಬಿಳಿಯ ನಡುವಿನ ಅಂತರ ಕ್ರಮೇಣ ತಗ್ಗಿ ಮೈ ತಿಳಿಹಳದಿಯತ್ತ ಸಾಗುತ್ತದೆ. ಆಲ್ಬಿನೊಗಳಲ್ಲಿ 'ಕಾಲ್' ಮತ್ತು 'ಶಾರ್ಪ್' ಎಂಬ ಎರಡು ಪ್ರಸಿದ್ಧ ವಂಶಗಳಿದ್ದು, ಇವೆರಡರ ಜೀನುಗಳು ಬೇರೆಬೇರೆ. ಒಂದನ್ನು ಇನ್ನೊಂದರೊಡನೆ ಕೂಡಿಸಿದರೆ ಹುಟ್ಟುವ ಮರಿಗಳು ಆಲ್ಬಿನೊ ಆಗುವುದಿಲ್ಲ. ಕೆಂಪು ವರ್ಣಕವಿಲ್ಲದ 'ಅನೆರಿ' ಬಗೆಯಲ್ಲಿ ಮಾಸಿಹೋಗಲು ಕೆಂಪೇ ಇಲ್ಲವಾದ್ದರಿಂದ ಬೂದು-ಕಪ್ಪು ಛಾಯೆಯೇ ಪ್ರಧಾನವಾಗಿ ಉಳಿಯುತ್ತದೆ.

ಭೇದದ ಹೆಸರೊಂದೇ ಭರವಸೆಯಲ್ಲ, ಒಂದೇ ಹೆಸರಿನ ಎರಡು ವಂಶಗಳು ದೊಡ್ಡವಾದಾಗ ಬೇರೆಬೇರೆಯಾಗಿ ಕಾಣಬಹುದು. ಮರಿಯ ತಂದೆತಾಯಿಯನ್ನು, ಸಾಧ್ಯವಾದರೆ ಹಿಂದಿನ ಸೂಲಿನಲ್ಲಿ ಹುಟ್ಟಿ ಈಗ ಬೆಳೆದಿರುವ ಹಾವುಗಳನ್ನು ಸಹಜ ಬೆಳಕಿನಲ್ಲಿ ನೋಡುವುದು ಹೆಚ್ಚು ವಿಶ್ವಾಸಾರ್ಹ. ಕೆಲವು ಬೋವಾಗಳು ಹಗಲಿಗಿಂತ ರಾತ್ರಿ ತಿಳಿಯಾಗಿ ಕಾಣುವುದರಿಂದ ಛಾಯಾಚಿತ್ರ ತೆಗೆದ ಹೊತ್ತಿಗೂ ಮಹತ್ವವಿದೆ.

ಕಳ್ಳಸಾಗಣೆ ಮತ್ತು ಕಾನೂನು

ಭಾರತದಲ್ಲಿ ಮಣ್ಣುಮುಕ್ಕ ಹಾವಿಗೆ ಕುತ್ತು ತಂದಿರುವುದು ಅದರ ಬಣ್ಣವಲ್ಲ, ತೂಕ. ನಿಧಿ ತೋರಿಸುತ್ತದೆ, ಐಶ್ವರ್ಯ ತರುತ್ತದೆ, ಔಷಧಿಗೆ ಬರುತ್ತದೆ ಎಂಬ ಆಧಾರವಿಲ್ಲದ ನಂಬಿಕೆಗಳಿಂದ ಭಾರವಾದ ಹಾವಿಗೆ ಲಕ್ಷಗಟ್ಟಲೆ ಬೆಲೆ ಹೇಳಲಾಗುತ್ತದೆ. ತೂಕ ಹೆಚ್ಚಿಸಲು ಲೋಹದ ಗುಂಡುಗಳನ್ನು ನುಂಗಿಸಿದ ಪ್ರಕರಣಗಳೂ ವರದಿಯಾಗಿವೆ. ವೈಲ್ಡ್‌ಲೈಫ್ ಕನ್ಸರ್ವೇಶನ್ ಸೊಸೈಟಿ-ಇಂಡಿಯಾ ಮಾಧ್ಯಮ ವರದಿಗಳನ್ನು ಆಧರಿಸಿ ಮಾಡಿದ ಎಣಿಕೆಯಂತೆ 2016ರಿಂದ 2021ರವರೆಗೆ ದೇಶದಲ್ಲಿ ಈ ಹಾವನ್ನು ವಶಪಡಿಸಿಕೊಂಡ 172 ಘಟನೆಗಳು ನಡೆದಿವೆ. ಕೊಳ್ಳುವವನೇ ಇಲ್ಲದೆ ಮಧ್ಯವರ್ತಿಗಳ ಕೈಯಿಂದ ಕೈಗೆ ದಾಟುವ ವಂಚನೆಯ ಜಾಲಗಳೂ ಇವುಗಳ ನಡುವೆ ಇವೆ. ಹಣ ಕಳೆದುಕೊಂಡವನು ದೂರು ಕೊಡಲು ಹೋದರೆ ತಾನೇ ಆರೋಪಿಯಾಗುತ್ತಾನೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದನ್ನು ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ. ಮರಿಯಾಗಿರಲಿ, ಹೊಲದಲ್ಲಿ ತಾನಾಗಿ ಸಿಕ್ಕಿದ್ದಾಗಿರಲಿ, ವಿನಾಯಿತಿ ಇಲ್ಲ. ವಿದೇಶೀ ಬೋವಾಗಳ ವಿಷಯ ಬೇರೆ. ಇವು ಸೈಟಿಸ್ ಒಪ್ಪಂದದ ಅನುಬಂಧಗಳಲ್ಲಿ ಸೇರಿವೆ. ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಇಂತಹ ಪ್ರಾಣಿಗಳನ್ನು ಇಟ್ಟುಕೊಂಡವರು ಕೇಂದ್ರ ಸರಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಮರಿಗಳ ಹುಟ್ಟು ಮತ್ತು ಹಸ್ತಾಂತರಗಳನ್ನೂ ತಿಳಿಸಬೇಕು.