ಮೂರನೇ ತೂತಿನ ಚರಿತ್ರೆ

ಗೋಡೆಯ ಸಾಕೆಟ್ಟಿನಲ್ಲಿ ಮೂರು ತೂತುಗಳು. ಕೆಳಗಿನ ಎರಡು ಕರೆಂಟನ್ನು ತಂದು ಒಯ್ಯುತ್ತವೆ. ಮೇಲಿನ ದೊಡ್ಡ ತೂತು ಸಾಮಾನ್ಯ ದಿನಗಳಲ್ಲಿ ಸುಮ್ಮನಿರುತ್ತದೆ. ಇಸ್ತ್ರಿಪೆಟ್ಟಿಗೆಯೊಳಗಿನ ತಂತಿ ಸಡಿಲವಾಗಿ ಲೋಹದ ಮೈಗೆ ತಾಗಿದ ದಿನ ಅದಕ್ಕೆ ಕೆಲಸ: ಕರೆಂಟನ್ನು ನೆಲಕ್ಕಿಳಿಸಿ ಫ್ಯೂಸು ಹಾರಿಸುವುದು. ಅದಕ್ಕೇ ಆ ಪಿನ್ನು ಉಳಿದೆರಡಕ್ಕಿಂತ ಉದ್ದ. ಮೊದಲು ತಾಗುತ್ತದೆ, ಕೊನೆಗೆ ಬಿಡುತ್ತದೆ.

ಈ ದುಂಡು ಪಿನ್ನಿನ ಮೂಲ ಬ್ರಿಟನ್ನಿನ 1934ರ ಬಿಎಸ್ 546. 1947ರಲ್ಲಿ ಬ್ರಿಟನ್ ಒಳಗೇ ಫ್ಯೂಸಿರುವ ಚಪ್ಪಟೆ ಪಿನ್ನಿನ ಪ್ಲಗ್ಗಿಗೆ ಹೊರಳಿತು. ನಾವು ಹಳೆಯದನ್ನೇ ಐಎಸ್ 1293 ಎಂದು ಉಳಿಸಿಕೊಂಡೆವು. ನಮ್ಮ ಪ್ಲಗ್ಗಿನಲ್ಲಿ ಫ್ಯೂಸಿಲ್ಲ. ಕಾಯುವ ಹೊಣೆಯೆಲ್ಲ ಗೋಡೆಯದು, ಬೋರ್ಡಿನದು.

ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ, ಬ್ರಿಟಿಷ್ ಇಂಡಿಯಾದ ವಿದ್ಯುತ್ ಕಾಯ್ದೆ 1910ರಲ್ಲಿ. ಸ್ವಾತಂತ್ರ್ಯಾನಂತರದ 1956ರ ನಿಯಮಗಳು ಒಂದು ಮುಖ್ಯ ಮಾತು ಹೇಳಿದವು: ಗ್ರಾಹಕನ ಜಾಗದಲ್ಲಿ ಅರ್ತಿಂಗಿನ ಟರ್ಮಿನಲ್ ಒದಗಿಸಿ ಕಾಪಾಡುವುದು ವಿದ್ಯುತ್ ಪೂರೈಸುವವರ ಕರ್ತವ್ಯ. 2010ರ ನಿಯಮಗಳಲ್ಲೂ ಅದು ಮುಂದುವರಿಯಿತು. ಆದರೆ ಟರ್ಮಿನಲ್ಲಿನಿಂದ ಮಲಗುವ ಕೋಣೆಯ ಸಾಕೆಟ್ಟಿನವರೆಗಿನ ಹಸಿರು ತಂತಿ ಮನೆಯವರ ಪಾಲಿನದು. ಸೋರಿಕೆ ಕಂಡೊಡನೆ ಕರೆಂಟು ಕಡಿಯುವ ಸಾಧನವನ್ನೂ ಆ ಹಳೆಯ ನಿಯಮಾವಳಿಗೆ ಮುಂದೆ ಸೇರಿಸಲಾಯಿತು. 5 ಕಿಲೊವ್ಯಾಟ್‌ಗಿಂತ ಸಣ್ಣ ಮನೆ ಸಂಪರ್ಕಗಳು ಮಾತ್ರ ಹೊರಗುಳಿದವು. ಬಡವರ, ಬಾಡಿಗೆಯವರ ಮನೆಗಳೇ ಅವು.

ವಸ್ತುಗಳ ಕಡೆ ಕಾನೂನು ಹೆಚ್ಚು ಚುರುಕು. 2003ರ ಆದೇಶ ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ರಾಡು ಮೊದಲಾದವಕ್ಕೆ ಐಎಸ್‌ಐ ಗುರುತು ಕಡ್ಡಾಯ ಮಾಡಿತು. 2022ರಲ್ಲಿ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದಾಗ ಎಐಎಸ್ 156 ತಿದ್ದುಪಡಿಯಾಯಿತು. ಸೆಲ್ಲುಗಳ ನಡುವೆ ಅಂತರ, ಒಳಗಿನ ಒತ್ತಡ ಹೊರಬಿಡುವ ದಾರಿ, ಬಿಸಿಯೇರಿದರೆ ಎಚ್ಚರಿಕೆ ಇತ್ಯಾದಿ ಷರತ್ತುಗಳು ಎರಡು ಹಂತಗಳಲ್ಲಿ, 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31ರಿಂದ, ಜಾರಿಗೆ ಬಂದವು.

ಇಲ್ಲೇ ತೊಡಕು. ಹೊಸ ನಿಯಮ ಅಂಗಡಿಯ ಹೊಸ ಬ್ಯಾಟರಿಗೆ ಅನ್ವಯಿಸುತ್ತದೆ. ಆ ಬ್ಯಾಟರಿಯನ್ನು ಮೂರನೇ ಮಹಡಿಗೆ ಹೊತ್ತು ತಂದು ಚುಚ್ಚುವುದು ಮಾತ್ರ ಮೂವತ್ತು ವರ್ಷದ ಹಳೆಯ ಗೋಡೆಗೆ. ಮಾರುವ ಹೊತ್ತಿಗೆ ತಪಾಸಣೆಯಿದೆ, ವಾಸಿಸುವ ಹೊತ್ತಿಗಿಲ್ಲ. ಎರಡು ಪಿನ್ನಿನ ಚಾರ್ಜರು ಹೋಗದಿದ್ದರೆ ಮೇಲಿನ ತೂತಿಗೆ ಪೆನ್ನು ತುರುಕಿ ಒಳಗಿನ ಮುಚ್ಚಳ ಸರಿಸುವುದಂತೂ ನಮ್ಮಲ್ಲಿ ಮನೆವಿದ್ಯೆ.

‘ಭೂಸಂಪರ್ಕ’ ಎಂಬ ಪುಸ್ತಕದ ಪದ ಇಲೆಕ್ಟ್ರಿಷಿಯನ್ನನ ಬಾಯಲ್ಲಿಲ್ಲ. ಅವನು ಹೇಳುವುದು ‘ಅರ್ತ್ ಇಲ್ಲ ಸಾರ್’ ಎಂದು. ಬಾಡಿಗೆಯ ಕರಾರಿಗೆ ಸಹಿ ಹಾಕುವ ಮುಂಚೆ ಆ ಮೂರನೇ ತೂತಿನ ಹಿಂದೆ ತಂತಿಯಿದೆಯೇ ಎಂದು ಒಮ್ಮೆ ಪರೀಕ್ಷಿಸಿಸಿ. ಇಲ್ಲದಿದ್ದರೆ ಕೀಲಿಕೈ ತೆಗೆದುಕೊಳ್ಳುವ ಮೊದಲೇ ಮಾಲೀಕರನ್ನು ಕೇಳಿ.