ನಿದ್ದೆ ಗುಳಿಗೆಯ ಲೆಕ್ಕ

2018ರ ಜನವರಿ 1ರಂದು ಯುಎಇಯಲ್ಲಿ ಶೇ. 5ರ ವ್ಯಾಟ್ ಜಾರಿಗೆ ಬಂತು. ನಮ್ಮಂಥ ಲೆಕ್ಕಿಗರಿಗೆ ಆ ಚಳಿಗಾಲ ನಿದ್ದೆಯಿಲ್ಲ. ಹಗಲು ಅಬುಧಾಬಿಯ ಕಕ್ಷಿದಾರರ ಕಚೇರಿ, ರಾತ್ರಿ ದುಬೈ ಮನೆಯಲ್ಲಿ ಇನ್‌ವಾಯ್ಸ್‌ಗಳ ರಾಶಿ. ಹಾಸಿಗೆಗೆ ಬಿದ್ದರೂ ಕಣ್ಣು ಮುಚ್ಚುತ್ತಿರಲಿಲ್ಲ. ಕಲಬುರಗಿಯಿಂದ ಹೊರಟಿದ್ದ ಚಿಕ್ಕಪ್ಪನ ಮಗನಿಗೆ ಫೋನು ಮಾಡಿ, "ಬರೂ ಮುಂದ ಎರಡು ಸ್ಟ್ರಿಪ್ ಅಲ್ಪ್ರಜೋಲಾಮ್ ತೊಗೊಂಡು ಬಾ" ಎಂದೆ.

"ಅಣ್ಣಾ, ಡಾಕ್ಟರ್ ಚೀಟಿ ಎಲ್ಲಿ ಅದ? ನಿನ್ನ ಗುಳಗಿ ನನ್ನ ಚೀಲದಾಗ ಸಿಕ್ಕರ ಯಾರ ಹೆಸರು ಹೇಳ್ಲಿ?" ಎಂದ.

ಸಿಟ್ಟು ಬಂತು. ಒಂದು ನಿದ್ದೆ ಗುಳಿಗೆಗೆ ಇಷ್ಟೊಂದು ಭಯವೇಕೆ? ಬಿ.ಕಾಂ. ಓದಿ ಸಿ.ಎ. ಮಾಡಿದ ನನಗೆ ಔಷಧಶಾಸ್ತ್ರ ದೂರ. ಆದರೂ ನಿದ್ದೆ ಬಾರದವನಿಗೆ ಓದಲು ಸಮಯವುಂಟಲ್ಲ! ಓದುತ್ತ ಹೋದಂತೆ ಕಥೆ ನಮ್ಮ ಕಡೆಗೇ ಬಂತು.

1951. ಕಲಬುರಗಿ ಆಗಿನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ಹೈದರಾಬಾದಿನ ರಸಾಯನಶಾಸ್ತ್ರಜ್ಞ, ಮುಂದೆ ಸಿಎಸ್‌ಐಆರ್‌ನ ಮಹಾನಿರ್ದೇಶಕರಾದ ಸೈಯದ್ ಹುಸೇನ್ ಜಹೀರ್ ಮತ್ತು ಇಂದ್ರ ಕಿಶೋರ್ ಕಕ್ಕರ್ ಹೊಸದೊಂದು ವಸ್ತುವನ್ನು ತಯಾರಿಸಿದರು. ಹುಡುಕುತ್ತಿದ್ದದ್ದು ಮಲೇರಿಯಾಕ್ಕೆ ಮದ್ದು. ಸಿಕ್ಕಿದ್ದು ಮೆಥಾಕ್ವಲೋನ್. ಅದು ನಿದ್ದೆ ತರಿಸುತ್ತದೆಂದು 1955ರಲ್ಲಿ ಲಖನೌದ ಎಂ. ಎಲ್. ಗುಜ್ರಾಲ್ ಮತ್ತು ಸಂಗಡಿಗರು ಗುರುತಿಸಿದರು.

ಜಗತ್ತು ಅದನ್ನು ಕೈಚಾಚಿ ಸ್ವಾಗತಿಸಿತು. 1903ರಿಂದ ಚಾಲ್ತಿಯಲ್ಲಿದ್ದ ಬಾರ್ಬಿಟ್ಯುರೇಟ್ ಗುಳಿಗೆಗಳಲ್ಲಿ ನಿದ್ದೆಯ ಪ್ರಮಾಣಕ್ಕೂ ಸಾವಿನ ಪ್ರಮಾಣಕ್ಕೂ ಅಂತರ ಕಡಿಮೆ. 1962ರಲ್ಲಿ ತೀರಿಕೊಂಡ ನಟಿ ಮರ್ಲಿನ್ ಮನ್ರೋ ದೇಹದಲ್ಲೂ ಅದೇ ಸಿಕ್ಕಿತ್ತು. ಮೆಥಾಕ್ವಲೋನ್ ಬಾರ್ಬಿಟ್ಯುರೇಟ್ ಅಲ್ಲ, ಆದ್ದರಿಂದ ಸುರಕ್ಷಿತ ಎಂದು ಮಾರಲಾಯಿತು. ಅಮೆರಿಕದಲ್ಲಿ ಕ್ವಾಲೂಡ್ ಎಂಬ ಹೆಸರು. ಬ್ರಿಟನ್ನಿನಲ್ಲಿ 250 ಮಿಲಿಗ್ರಾಂ ಮೆಥಾಕ್ವಲೋನ್ ಜೊತೆಗೆ 25 ಮಿಲಿಗ್ರಾಂ ಡೈಫೆನ್‌ಹೈಡ್ರಮಿನ್ ಸೇರಿಸಿದ ಮ್ಯಾಂಡ್ರಾಕ್ಸ್.

ಖರ್ಚಿನ ಕಲಮು ಆಮೇಲೆ ತುಂಬಿತು. ದೇಹ ಒಗ್ಗಿಕೊಂಡಂತೆ ಒಂದು ಗುಳಿಗೆ ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಮದ್ಯದ ಜೊತೆ ಸೇರಿದರೆ ಪ್ರಜ್ಞೆ ತಪ್ಪಿ ಉಸಿರು ನಿಲ್ಲಬಹುದು. ಚಟ ಹತ್ತಿದವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಅಮೆರಿಕ 1973ರಲ್ಲಿ ಬಿಗಿ ಮಾಡಿ, 1984ರಲ್ಲಿ ಪೂರ್ತಿ ಬಾಗಿಲು ಹಾಕಿತು. ಭಾರತದ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲೂ ಅದು ಸೇರಿತು.

ಔಷಧದಂಗಡಿಯಿಂದ ಹೋದರೂ ಅದು ಕಳ್ಳಪೇಟೆಯಿಂದ ಹೋಗಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಇಂದಿಗೂ ಮ್ಯಾಂಡ್ರಾಕ್ಸನ್ನು ಪುಡಿಮಾಡಿ, ಗಾಂಜಾ ಜೊತೆ ಸೇದುತ್ತಾರೆ. 2016ರಲ್ಲಿ ಉದಯಪುರದಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದವರು ಹಿಡಿದದ್ದು ಸುಮಾರು 23 ಟನ್ ಗುಳಿಗೆ!

ಬೇರೆ ಬೇರೆ ದೇಶಗಳ ಕಾನೂನು ನಿದ್ದೆ ಗುಳಿಗೆಯನ್ನು ಅನುಮಾನದಿಂದ ನೋಡುವುದರ ಹಿಂದೆ ಇಂಥ ಅನುಭವವಿದೆ. ನಾನು ಕೇಳಿದ ಅಲ್ಪ್ರಜೋಲಾಮ್ ಬೇರೆ ಕುಲದ್ದು, ಬಾರ್ಬಿಟ್ಯುರೇಟ್‌ಗಿಂತ ಅಪಾಯ ಕಡಿಮೆಯದ್ದು. ಆದರೂ ಚಟ ಹತ್ತಿಸುವ ಗುಣ ಅದಕ್ಕೂ ಉಂಟು. ಯುಎಇಯಲ್ಲಿ ಅದು ನಿಯಂತ್ರಿತ ಔಷಧ. ಅಂಥದ್ದನ್ನು ತರುವವರು ವೈದ್ಯರ ಚೀಟಿ ಇಟ್ಟುಕೊಂಡು, ಆರೋಗ್ಯ ಸಚಿವಾಲಯದ ಅನುಮತಿಯನ್ನು ಮೊದಲೇ ಪಡೆಯಬೇಕು. ಅದೂ ಸ್ವಂತ ಬಳಕೆಗೆ ಮಾತ್ರ. "ಅಣ್ಣನಿಗೆ ಒಯ್ಯುತ್ತಿದ್ದೇನೆ" ಎಂಬುದು ಕಸ್ಟಮ್ಸ್ ಮೇಜಿನ ಮುಂದೆ ಉತ್ತರವಲ್ಲ, ತಪ್ಪೊಪ್ಪಿಗೆ. ಇನ್ನೊಬ್ಬರ ಸಹಿಯಿಲ್ಲದ ಒಂದು ವೋಚರನ್ನೂ ಪಾಸು ಮಾಡದ ನಾನು, ತಮ್ಮನ ಚೀಲಕ್ಕೆ ಅಂಥದ್ದನ್ನು ಹಾಕಲು ಹೊರಟಿದ್ದೆ.

ಅವನು ಬಂದ. ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಇದ್ದವು. ಮರುವಾರ ನಾನು ಇಲ್ಲಿಯ ವೈದ್ಯರ ಬಳಿ ಹೋದೆ. ಅವರು ಮೊದಲು ಕೇಳಿದ್ದು, ದಿನಕ್ಕೆ ಎಷ್ಟು ಚಹಾ ಕುಡಿಯುತ್ತೀರಿ ಎಂದು. ಎಂಟು ಎಂದೆ. ಗುಳಿಗೆ ಬರೆಯಲಿಲ್ಲ, ಸಂಜೆಯ ನಾಲ್ಕು ಚಹಾ ಕಡಿತ ಮಾಡಿದರು.

ನಿದ್ದೆ ನಿಧಾನವಾಗಿ ಮರಳಿತು. ತಮ್ಮನಿಗೆ ಮಾತ್ರ ಇನ್ನೂ ಬಾಯಿಬಿಟ್ಟು ಕ್ಷಮೆ ಕೇಳಿಲ್ಲ. ಈ ಬರಹ ಅವನು ಓದಲಿ.